ಶೋಧಗಂಗೆಯಲ್ಲಿ ಮೂರು ಊರುಗಳು

ಒಂದು ಗ್ರಂಥವನ್ನು ವಿಮರ್ಶಿಸುವಾಗ ಅದರ ವಸ್ತು, ಶೈಲಿ, ಆಧಾರಗಳನ್ನು ಕುರಿತು ವಿಚಾರಿಸುವುದು ವಾಡಿಕೆ. ಆ ಗ್ರಂಥವು ಓದುವವನ ಕೈಗೆ ಹೇಗೆ ಬಂದೀತೆಂಬುದನ್ನು ವಿಮರ್ಶಕರು ಸಾಮಾನ್ಯವಾಗಿ ಕೇಳುವುದಿಲ್ಲ. ಅದು ಅಂಗಡಿಯವನ ಚಿಂತೆ, ಇಲ್ಲವೆ ಪುಸ್ತಕಭಂಡಾರದವರ ಚಿಂತೆ ಎಂದು ಬಿಟ್ಟುಬಿಡುವರು. ವಿಶ್ವವಿದ್ಯಾನಿಲಯಗಳಿಗೆ ಒಪ್ಪಿಸುವ ಮಹಾಪ್ರಬಂಧಗಳ ವಿಷಯದಲ್ಲಿ ಈ ಉದಾಸೀನವು ಸಲ್ಲದು. ಅಚ್ಚಾದ ಪುಸ್ತಕಕ್ಕೆ ಅಂಗಡಿಯುಂಟು, ಪತ್ರಿಕೆಗಳಲ್ಲಿ ಸ್ವೀಕಾರವುಂಟು, ಓದಿದವರ ಬಾಯಿಮಾತುಂಟು. ಮಹಾಪ್ರಬಂಧಕ್ಕೆ ಇವೊಂದೂ ಇಲ್ಲ. ಅದರ ಕೆಲವು ಪ್ರತಿಗಳು ರಟ್ಟು ಕಟ್ಟಿಸಿಕೊಂಡು ಪರೀಕ್ಷಕರ ಮೇಜಿಗೆ ಹೋಗಿ, ಅಲ್ಲಿಂದ ಬೀರುವನ್ನು ಸೇರುವುವು. ಆ ಬೀರುವಿನಿಂದ ಅದನ್ನು ಮರಳಿ ಬೆಳಕಿಗೆ ಕರೆತರುವ ದಾರಿ ಒಂದೇ; ಅದು ಸೂಚಿ. ಸೂಚಿಯಲ್ಲಿ ಸಿಕ್ಕದ ಪ್ರಬಂಧವು ಓದುವವರ ಪಾಲಿಗೆ ಬರೆಯದೆ ಉಳಿದ ಪ್ರಬಂಧವೇ ಸರಿ.

ಈ ದೃಷ್ಟಿಯಿಂದ ನೋಡಿದರೆ 'ಶೋಧಗಂಗಾ' ಎಂಬ ಪ್ರಬಂಧ ಭಂಡಾರವೂ ವಿಮರ್ಶೆಗೆ ತಕ್ಕ ಒಂದು ಕೃತಿಯೇ ಆಗಿದೆ. ೨೦೦೯ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪಿಎಚ್.ಡಿ. ಪದವಿಯ ನಿಯಮಗಳನ್ನು ಹೊರಡಿಸಿ, ಪ್ರಬಂಧದ ಗಣಕಪ್ರತಿಯೊಂದನ್ನು ಸಲ್ಲಿಸತಕ್ಕದ್ದೆಂದು ವಿಧಿಸಿತು. ಹಾಗೆ ಬಂದ ಪ್ರತಿಗಳನ್ನು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರವು ಒಂದೆಡೆ ಕೂಡಿಸಿ, ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಇಂದು ಅಲ್ಲಿ ಐದು ಲಕ್ಷಕ್ಕೂ ಮಿಕ್ಕ ಪ್ರಬಂಧಗಳಿವೆ. ಓದಲು ಹಣ ಕೊಡಬೇಕಾಗಿಲ್ಲ. ಯಾರ ಶಿಫಾರಸು ಪತ್ರವೂ ಬೇಡ. ಮೈಸೂರಿಗೋ ಧಾರವಾಡಕ್ಕೋ ಪ್ರಯಾಣ ಮಾಡಿ, ಅಪ್ಪಣೆ ಪಡೆದು, ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳಬೇಕಾಗಿದ್ದ ಬರಹವನ್ನು ಈಗ ಹೊಸನಗರದ ಒಂದು ಮನೆಯ ಜಗಲಿಯಲ್ಲಿ ಕುಳಿತು ಓದಬಹುದು. ಇದು ಸಾಮಾನ್ಯವಾದ ಉಪಕಾರವಲ್ಲ. ಮುಂದೆ ಹೇಳುವ ದೋಷಗಳೆಲ್ಲ ಈ ಉಪಕಾರವನ್ನು ಒಪ್ಪಿಕೊಂಡ ಮೇಲಿನ ಮಾತುಗಳೆಂದು ವಾಚಕರು ತಿಳಿಯಬೇಕು.

ಭಂಡಾರದ ವ್ಯವಸ್ಥೆ ಹೀಗಿದೆ. ಪ್ರತಿಯೊಂದು ಪ್ರಬಂಧಕ್ಕೂ ಒಂದು ವಿವರಪತ್ರವಿರುತ್ತದೆ. ಅದರಲ್ಲಿ ಶೀರ್ಷಿಕೆ, ಸಂಶೋಧಕರ ಹೆಸರು, ಮಾರ್ಗದರ್ಶಕರ ಹೆಸರು, ಸೂಚಕಪದಗಳು, ವಿಶ್ವವಿದ್ಯಾನಿಲಯ, ವಿಭಾಗ, ಮುಗಿದ ವರ್ಷ, ಸಾರಾಂಶ ಎಂಬ ಅಂಕಣಗಳು. ಪ್ರಬಂಧವು ಮುಖಪುಟ, ಪರಿವಿಡಿ, ಒಂದೊಂದು ಅಧ್ಯಾಯ, ಗ್ರಂಥಋಣ ಎಂದು ಬಿಡಿಬಿಡಿಯಾಗಿ ದೊರೆಯುತ್ತದೆ. ಹುಡುಕುವವನಿಗೆ ಎರಡು ದಾರಿಗಳು. ಒಂದು, ವಿಶ್ವವಿದ್ಯಾನಿಲಯವನ್ನು ಆರಿಸಿ, ಅದರ ವಿಭಾಗವನ್ನು ಹೊಕ್ಕು, ಬೀರುವಿನ ಮುಂದೆ ನಿಂತವನಂತೆ ಒಂದೊಂದಾಗಿ ನೋಡುತ್ತ ಹೋಗುವುದು. ಇನ್ನೊಂದು, ಒಂದು ಪದವನ್ನು ಕೊಟ್ಟು, ಆ ಪದವುಳ್ಳ ವಿವರಪತ್ರಗಳನ್ನೆಲ್ಲ ತರಿಸಿಕೊಳ್ಳುವುದು. ಎರಡನೆಯದು ಶೀಘ್ರವಾದದ್ದು, ಹೆಚ್ಚು ಜನ ಹಿಡಿಯುವುದೂ ಅದನ್ನೇ. ಆದರೆ ಯಂತ್ರವು ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ನೋಡುವುದೇ ಹೊರತು ಊರನ್ನಾಗಲಿ ಜನರನ್ನಾಗಲಿ ಅರಿಯದು. ಆದುದರಿಂದ ವಿವರಪತ್ರವನ್ನು ಬರೆದವರು ಯಾವ ಹೆಸರನ್ನು ಯಾವ ಅಕ್ಷರಗಳಲ್ಲಿ ಬರೆದರೆಂಬುದರ ಮೇಲೆ ಎಲ್ಲವೂ ನಿಂತಿದೆ. ಇದರ ಪರಿಣಾಮವನ್ನು ನಮ್ಮ ಸೀಮೆಯ ಮೂರು ಊರುಗಳಿಂದಲೇ ಪರೀಕ್ಷಿಸಬಹುದು.

ಮೊದಲನೆಯದು ಸಾಗರ. ಈ ಹೆಸರಿಗೆ ಒಡೆಯರು ಬಹುಮಂದಿ. ಮಧ್ಯಪ್ರದೇಶದಲ್ಲಿಯೂ ಒಂದು ಸಾಗರವಿದೆ. ಅಲ್ಲಿ ೧೯೪೬ರಲ್ಲಿ ಸ್ಥಾಪಿತವಾದ, ಇಂದು ಡಾ. ಹರಿಸಿಂಗ್ ಗೌರ್ ಅವರ ಹೆಸರನ್ನು ಹೊತ್ತ ವಿಶ್ವವಿದ್ಯಾನಿಲಯವಿದೆ. ಉತ್ತರದೇಶದಲ್ಲಿ ಸಾಗರ ಎಂಬುದು ವ್ಯಕ್ತಿನಾಮವೂ ಹೌದು. ಸಮುದ್ರವನ್ನು ಕುರಿತ ಶಾಸ್ತ್ರಗಳಂತೂ ಇದ್ದೇ ಇವೆ. ಬರಿಯ 'ಸಾಗರ' ಎಂದು ಕೇಳಿದವನ ಮುಂದೆ ಇವೆಲ್ಲ ಬಂದು ನಿಂತು, ಕೆಳದಿಯೂ ಇಕ್ಕೇರಿಯೂ ಹೆಗ್ಗೋಡೂ ಹಿಂದೆ ಮರೆಯಾಗುವುವು. ಜಿಲ್ಲೆಯ ಹೆಸರನ್ನು ಜೊತೆಗೂಡಿಸಿದರೆ ಗುಂಪು ಕರಗುವುದು ನಿಜ. ಆದರೆ ಜಿಲ್ಲೆಯ ಹೆಸರಿನ ಇಂಗ್ಲಿಷ್ ರೂಪವೂ ೨೦೧೪ರ ನವೆಂಬರಿನಲ್ಲಿ 'ಶಿಮೊಗ' ಎಂಬುದರಿಂದ 'ಶಿವಮೊಗ್ಗ' ಎಂಬುದಕ್ಕೆ ತಿರುಗಿತು. ಹಳೆಯ ಪ್ರಬಂಧಗಳಿಗೆ ಹಳೆಯ ರೂಪ, ಹೊಸವಕ್ಕೆ ಹೊಸ ರೂಪ ಬೇಕು. ತಾಲ್ಲೂಕಿನ ಹೆಸರನ್ನು ಬಿಟ್ಟು ಗ್ರಾಮದ ಹೆಸರನ್ನೋ ನದಿಯ ಹೆಸರನ್ನೋ ಹಿಡಿದು ಹೋಗುವುದು ಉತ್ತಮ ಮಾರ್ಗ. ಕಾಗೋಡು ಎಂದು ಕೇಳಿದವನಿಗೆ ೧೯೫೧ರ ರೈತ ಸತ್ಯಾಗ್ರಹದ ಚರ್ಚೆ ದೊರೆಯಬಹುದು. ಸಾಗರವೆಂದು ಕೇಳಿದವನಿಗೆ ಅದು ದೊರೆಯುವ ಭರವಸೆಯಿಲ್ಲ.

ಎರಡನೆಯದು ಹೊಸನಗರ. ಇಲ್ಲಿ ತೊಡಕು ಬೇರೆ ಬಗೆಯದು. ಒಂದು ಹೆಸರಿಗೆ ಅನೇಕ ಒಡೆಯರಿರುವ ಬದಲು, ಒಂದು ಸೀಮೆಗೆ ಅನೇಕ ಹೆಸರುಗಳಿವೆ. ಕೆಳದಿಯ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೂ, ಇಕ್ಕೇರಿಯಿಂದ ಬಿದನೂರಿಗೂ ಸರಿಯಿತು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಜನರ ಬಾಯಲ್ಲಿ ಅದು ಬರಿಯ ನಗರವಾಗಿ ಉಳಿಯಿತು. ಇಂಗ್ಲಿಷರ ಬರವಣಿಗೆಯಲ್ಲಿ 'ಬೆಡ್ನೋರ್' ಆಯಿತು. ಬಿ. ಎಲ್. ರೈಸರು ೧೯೦೪ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಎಂಟನೆಯ ಸಂಪುಟದಲ್ಲಿ ಹುಂಚದ ಶಾಸನಗಳನ್ನು ಹುಡುಕುವವನು ನೋಡಬೇಕಾದುದು ನಗರ ತಾಲ್ಲೂಕನ್ನೇ. ಹೊಸನಗರ ತಾಲ್ಲೂಕೆಂಬ ಶೀರ್ಷಿಕೆ ಅಲ್ಲಿಲ್ಲ. ಅರಸು ಮನೆತನದ ಹೆಸರೂ ಹೀಗೆಯೇ. ಕೆ. ಡಿ. ಸ್ವಾಮಿನಾಥನ್ ಅವರು ೧೯೫೭ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥವು ಅವರನ್ನು 'ಇಕ್ಕೇರಿಯ ನಾಯಕರು' ಎಂದು ಕರೆಯಿತು. ಇತರರು ಕೆಳದಿಯ ನಾಯಕರೆನ್ನುವರು. ಬಿದನೂರಿನ ಅರಸರೆನ್ನುವವರೂ ಉಂಟು. ಮೂರು ಹೆಸರುಗಳಿಂದಲೂ ಹುಡುಕದವನು ಒಂದೇ ವಂಶದ ಚರಿತ್ರೆಯ ಮೂರನೆಯ ಒಂದು ಪಾಲನ್ನು ಕಂಡು, ಇಷ್ಟೇ ಎಂದು ತಿಳಿದು ಹಿಂದಿರುಗಿಯಾನು.

ಮೂರನೆಯದು ತೀರ್ಥಹಳ್ಳಿ. ಊರು ಒಂದೇ, ಹೆಸರೂ ಒಂದೇ. ಆದರೆ ರೋಮನ್ ಲಿಪಿಯಲ್ಲಿ ಅದಕ್ಕೆ ರೂಪಗಳು ಹಲವು. 'ಟಿ' ಅಕ್ಷರದ ಮಗ್ಗುಲಲ್ಲಿ 'ಎಚ್' ಇರಿಸುವವರುಂಟು, ಇರಿಸದವರುಂಟು. ದೀರ್ಘವನ್ನು ಎರಡು 'ಇ'ಗಳಿಂದ ತೋರಿಸುವವರುಂಟು, ಒಂದೇ 'ಐ'ಯಿಂದ ಮುಗಿಸುವವರುಂಟು. ಇಷ್ಟರಿಂದಲೇ ನಾಲ್ಕು ರೂಪಗಳಾದುವು. ಕನ್ನಡ ಬಲ್ಲವನಿಗೆ ನಾಲ್ಕೂ ಒಂದೇ. ಯಂತ್ರಕ್ಕೆ ನಾಲ್ಕೂ ಬೇರೆ. ಶರಾವತಿ, ಕವಲೇದುರ್ಗ, ಹುಂಚ, ಹವ್ಯಕ, ದೀವರು ಎಂಬ ಹೆಸರುಗಳ ಗತಿಯೂ ಇದೇ. ಸೂಚಕಪದಗಳ ಅಂಕಣದಲ್ಲಿ ಈ ರೂಪಗಳನ್ನೆಲ್ಲ ಬರೆದಿಡುವುದಕ್ಕೆ ಸಂಶೋಧಕನಿಗೆ ಐದು ನಿಮಿಷ ಸಾಕು. ಬರೆಯದೆ ಹೋದುದರಿಂದ ಮುಂದಿನವರು ಕಳೆದುಕೊಳ್ಳುವ ದಿನಗಳಿಗೆ ಲೆಕ್ಕವಿಲ್ಲ.

ತೀರ್ಥಹಳ್ಳಿಯ ಮಾತು ಬಂದಾಗ ಕುಪ್ಪಳಿಯನ್ನು ನೆನೆಯದೆ ಇರುವುದುಂಟೆ? ಕುವೆಂಪು ಅವರ ಸಾಹಿತ್ಯವನ್ನು ಕುರಿತ ಪ್ರಬಂಧಗಳು ಬೇಕೆಂದು ಅವರ ಹೆಸರನ್ನೇ ಕೊಟ್ಟರೆ ಒಂದು ವಿನೋದ ನಡೆಯುತ್ತದೆ. ೧೯೮೭ರಲ್ಲಿ ಸ್ಥಾಪಿತವಾಗಿ ಶಂಕರಘಟ್ಟದಲ್ಲಿ ನೆಲೆಸಿದ ವಿಶ್ವವಿದ್ಯಾನಿಲಯಕ್ಕೆ ಅವರ ಹೆಸರೇ ಇದೆಯಷ್ಟೆ; ಅಲ್ಲಿ ರಸಾಯನಶಾಸ್ತ್ರದಲ್ಲಿ, ಜೀವಶಾಸ್ತ್ರದಲ್ಲಿ, ವಾಣಿಜ್ಯದಲ್ಲಿ ಆದ ಪ್ರಬಂಧಗಳೂ ಕವಿಯ ಹೆಸರಿನ ಕರೆಗೆ ಓಗೊಡುವುವು. ಮಹಾಕವಿಯನ್ನು ಗೌರವಿಸಲೆಂದು ಇಟ್ಟ ಹೆಸರು ಅವನ ಕಾವ್ಯವನ್ನು ಕುರಿತ ಬರಹಗಳನ್ನು ಮರೆಮಾಡುವಂತಾಗಿದೆ. ಹುಡುಕಾಟವನ್ನು ಶೀರ್ಷಿಕೆಯ ಅಂಕಣಕ್ಕೆ ಮಾತ್ರ ಮಿತಗೊಳಿಸುವುದು, ಪುಟ್ಟಪ್ಪ ಎಂಬ ಹೆಸರನ್ನೂ ಕೃತಿಗಳ ಹೆಸರುಗಳನ್ನೂ ಬೇರೆಬೇರೆಯಾಗಿ ಕೇಳುವುದು, ಇವು ಇದಕ್ಕೆ ಪರಿಹಾರ.

ಇದಕ್ಕೆ ವಿರುದ್ಧವಾದ ಒಂದು ನಿದರ್ಶನವೂ ನಮ್ಮ ಮಗ್ಗುಲಲ್ಲಿಯೇ ಇದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮಂಗನ ಕಾಯಿಲೆಯನ್ನು ಗುರುತಿಸಿದಾಗ ವೈದ್ಯಶಾಸ್ತ್ರಜ್ಞರು ರೋಗಕ್ಕೆ ಆ ಕಾಡಿನ ಹೆಸರನ್ನೇ ಇಟ್ಟು, ಅದರ ಅಕ್ಷರಗಳನ್ನೂ ಗೊತ್ತುಮಾಡಿದರು. ಅಂದಿನಿಂದ ಪುಣೆಯಲ್ಲಿ ಬರೆದರೂ ಅಮೆರಿಕೆಯಲ್ಲಿ ಬರೆದರೂ ಅದೇ ಹೆಸರು, ಅದೇ ಅಕ್ಷರ. ಈ ರೋಗದ ಮೇಲಿನ ಬರಹವನ್ನು ಹುಡುಕುವವನು ದಾರಿ ತಪ್ಪುವುದು ಕಷ್ಟ. ಒಂದು ಸಣ್ಣ ಕಾಡಿಗೆ ದೊರೆತ ಈ ಭಾಗ್ಯವು ಎರಡು ಶತಮಾನಗಳಿಗೂ ಮಿಕ್ಕು ಆಳಿದ ಕೆಳದಿ ಸಂಸ್ಥಾನಕ್ಕೆ ದೊರೆತಿಲ್ಲ. ಹೆಸರನ್ನು ಒಂದು ಕಟ್ಟಿಗೆ ತರುವುದು ಶಾಸ್ತ್ರದ ಮೊದಲ ಕರ್ತವ್ಯವೆಂಬುದನ್ನು ವೈದ್ಯರು ಅರಿತರು. ಚರಿತ್ರಕಾರರೂ ಸಾಹಿತ್ಯದವರೂ ಇನ್ನೂ ಅರಿಯಬೇಕಾಗಿದೆ.

ಇದುವರೆಗೆ ಹೇಳಿದುದು ಇಂಗ್ಲಿಷ್ ಬರಹದ ಮಾತು. ಕನ್ನಡದಲ್ಲಿಯೇ ಬರೆದ ಪ್ರಬಂಧಗಳ ಸ್ಥಿತಿ ಇನ್ನೂ ಶೋಚನೀಯ. ಅವುಗಳಲ್ಲಿ ಹಲವದರ ಶೀರ್ಷಿಕೆಗಳನ್ನು ವಿವರಪತ್ರದಲ್ಲಿ ರೋಮನ್ ಅಕ್ಷರಗಳಿಗೆ ತಿರುಗಿಸಿದ್ದಾರೆ, ಅದೂ ಹ್ರಸ್ವದೀರ್ಘಗಳ ಗುರುತಿಲ್ಲದೆ. ಆ ಬರಹದಲ್ಲಿ ಳಕಾರಕ್ಕೂ ಲಕಾರಕ್ಕೂ ಭೇದವಿಲ್ಲ. ಹಳ್ಳಿಯೂ ಹಲ್ಲಿಯೂ ಒಂದೇ ಆಗುವುವು. ಇನ್ನು ಪ್ರಬಂಧದ ಒಳಗಿನ ಮಾತನ್ನು ಹುಡುಕೋಣವೆಂದರೆ, ಹಳೆಯ ಪ್ರತಿಗಳು ಪುಟಗಳ ಛಾಯಾಚಿತ್ರಗಳು ಮಾತ್ರ. ಯಂತ್ರಕ್ಕೆ ಅವು ಅಕ್ಷರಗಳಲ್ಲ, ಚಿತ್ರಗಳು. ತರುವಾಯದ ಪ್ರತಿಗಳಲ್ಲಿ ಅನೇಕವನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಜೋಡಣೆಯಲ್ಲಿ ಸಿದ್ಧಪಡಿಸಿದ್ದಾರೆ. ಕಣ್ಣಿಗೆ ಕಾಣುವುದು ಕನ್ನಡ. ಯಂತ್ರದ ಒಡಲಲ್ಲಿ ಇರುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಕನ್ನಡದಲ್ಲಿ 'ಅಡಿಕೆ' ಎಂದು ಕೇಳಿದವನಿಗೆ ಪುಟಪುಟದಲ್ಲಿಯೂ ಅಡಿಕೆಯೇ ತುಂಬಿದ ಪ್ರಬಂಧವು 'ಇಲ್ಲ' ಎಂದು ಉತ್ತರ ಕೊಡುವುದು.

ಇಷ್ಟೊಂದು ನಿಷ್ಠುರ ಏಕೆ, ಸೂಚಿ ಮಾಡುವವರಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ನ್ಯಾಯವೆ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ಇದಕ್ಕಿಂತ ಮೇಲಾದ ಆದರ್ಶ ಈಗಾಗಲೇ ಇದೆ ಎಂಬುದೇ ಉತ್ತರ. ರೈಸರ ಸಂಪುಟಗಳಲ್ಲಿ ಒಂದೊಂದು ಶಾಸನವೂ ಮೂರು ರೂಪಗಳಲ್ಲಿ ದೊರೆಯುತ್ತದೆ: ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ. ೧೯೦೪ರಲ್ಲಿ ಸೀಸದ ಮೊಳೆಗಳಿಂದ ಸಾಧ್ಯವಾದುದು ಇಂದು ಗಣಕಯಂತ್ರದಿಂದ ಸಾಧ್ಯವಾಗದೆ? ಆರ್. ನರಸಿಂಹಾಚಾರ್ಯರು ೧೯೦೭, ೧೯೧೯, ೧೯೨೯ರಲ್ಲಿ ಮೂರು ಸಂಪುಟಗಳಾಗಿ ಹೊರತಂದ 'ಕರ್ಣಾಟಕ ಕವಿಚರಿತೆ'ಯನ್ನು ನೋಡಿರಿ. ಕವಿಯ ಕಾಲ, ಮತ, ಗುರು, ಆಶ್ರಯದಾತ, ಗ್ರಂಥದ ವಸ್ತು, ಮಾದರಿಗೆ ಕೆಲವು ಪದ್ಯಗಳು, ಹೀಗೆ ಓದುವವನಿಗೆ ಮೂಲವನ್ನು ಕಾಣುವ ಆಸೆ ಹುಟ್ಟುವಂತೆ ವಿವರವನ್ನು ಕೊಟ್ಟಿದ್ದಾರೆ. ಓಲೆಗರಿಯನ್ನು ಪ್ರತಿಮಾಡಿದ ಲಿಪಿಕಾರನೂ ಕೊನೆಯಲ್ಲಿ ಗ್ರಂಥದ ಹೆಸರನ್ನೂ ಸಂವತ್ಸರವನ್ನೂ ಬರೆದು ಮುಗಿಸುತ್ತಿದ್ದನು. ತನ್ನ ಬರಹವು ತನ್ನನ್ನು ಅರಿಯದವರ ಕೈಗೆ ಬೀಳುವುದೆಂಬ ಎಚ್ಚರ ಅವನಿಗಿತ್ತು. ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಗ್ರಂಥಾಲಯಶಾಸ್ತ್ರಕ್ಕೆ ಐದು ಸೂತ್ರಗಳನ್ನು ಕೊಟ್ಟಾಗ, ಪ್ರತಿಯೊಂದು ಗ್ರಂಥಕ್ಕೂ ಅದರ ಓದುಗನು ದೊರೆಯಬೇಕು ಎಂಬ ಆಶಯವನ್ನೂ ಅವುಗಳಲ್ಲಿ ಸೇರಿಸಿದರು. ವಿವರಪತ್ರವನ್ನು ಗುಮಾಸ್ತಿಕೆಯ ಕೆಲಸವೆಂದು ಬಗೆದು ಅವಸರದಲ್ಲಿ ತುಂಬುವವರು ಈ ಪರಂಪರೆಯನ್ನು ಮರೆತವರು.

ಎಲ್ಲ ಪ್ರಬಂಧಗಳೂ ಶೋಧಗಂಗೆಯಲ್ಲಿಯೇ ಇರುವುವೆಂದೂ ಭಾವಿಸಬಾರದು. ಕೃಷಿ ವಿಶ್ವವಿದ್ಯಾನಿಲಯಗಳ ಪ್ರಬಂಧಗಳಿಗೆ 'ಕೃಷಿಕೋಶ' ಎಂಬ ಬೇರೊಂದು ಭಂಡಾರವಿದೆ. ಎಲೆಚುಕ್ಕೆ ರೋಗದಿಂದ ಕಂಗೆಟ್ಟ ತೋಟದವರು ಮೊದಲು ನೋಡಬೇಕಾದುದು ಅದನ್ನು. ಅಲ್ಲಿಯೂ ಹೆಸರಿನ ಜಾಣ್ಮೆ ಬೇಕು. ಅಡಿಕೆಗೆ ಇಂಗ್ಲಿಷಿನಲ್ಲಿ 'ಅರೆಕಾ' ಎಂದೂ 'ಅರೆಕಾನಟ್' ಎಂದೂ 'ಬೀಟಲ್ ನಟ್' ಎಂದೂ ಹೆಸರುಗಳು. ಕೊಳೆರೋಗಕ್ಕೆ ಕಾಯಿಕೊಳೆ ಎಂಬರ್ಥದ ಇಂಗ್ಲಿಷ್ ಹೆಸರು, 'ಮಹಾಳಿ' ಎಂಬ ಹೆಸರು, ಶಿಲೀಂಧ್ರದ ಲ್ಯಾಟಿನ್ ಹೆಸರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಎಲ್. ಸಿ. ಕೋಲ್ಮನ್ ಅವರು ೧೯೧೦ರಲ್ಲಿ ಈ ರೋಗವನ್ನು ಕುರಿತು ಬರೆದಾಗ ಕನ್ನಡದ 'ಕೊಳೆರೋಗ' ಎಂಬ ಮಾತನ್ನೇ ಶಾಸ್ತ್ರದ ಮಾತಾಗಿ ಬಳಸಿದರು. ರೈತನ ಮಾತು ಸೂಚಿಯಲ್ಲಿ ಉಳಿಯಿತು. ಇಂದಿಗೂ ಆ ಮಾತಿನಿಂದ ಹುಡುಕಬಹುದು.

ಪರದೇಶದಲ್ಲಿ ಆದ ಕೆಲಸವೂ ಉಂಟು. ಹೆಲೆನ್ ಉಲ್ರಿಚ್ ಅವರು ಉತ್ತರ ಹವ್ಯಕ ಕನ್ನಡದ ವಾಕ್ಯರಚನೆಯನ್ನು ಕುರಿತು ೧೯೬೮ರಲ್ಲಿ ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ಸಾಗರ ಸೀಮೆಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ಆಡುವ ಮಾತಿನ ವ್ಯಾಕರಣ ಅದು. ಊರಿನ ಹೆಸರಿನಿಂದ ಹುಡುಕಿದವನಿಗೆ ಮಾತ್ರ ಸಿಕ್ಕದು. ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ೧೯೬೬ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ೧೯೩೦ರ ದಶಕದ ರಾಜಕೀಯ ಮತ್ತು ಕಥಾಸಾಹಿತ್ಯವನ್ನು ಕುರಿತ ಪ್ರಬಂಧದಿಂದ ಡಾಕ್ಟರೇಟ್ ಪಡೆದರು. ಆ ದೇಶದ ಪ್ರಬಂಧಗಳ ಸೂಚಿಯನ್ನು ಬ್ರಿಟಿಷ್ ಲೈಬ್ರರಿ ಒಂದೆಡೆ ಇರಿಸಿಕೊಂಡಿತ್ತು. ೨೦೨೩ರ ಅಕ್ಟೋಬರಿನಲ್ಲಿ ಗಣಕಚೋರರು ಆ ಗ್ರಂಥಾಲಯದ ಮೇಲೆ ಬಿದ್ದಾಗ ಸೂಚಿಯೂ ಮುಚ್ಚಿಹೋಯಿತು. ಒಂದೇ ಕಣಜದಲ್ಲಿ ಊರಿನ ಬತ್ತವನ್ನೆಲ್ಲ ತುಂಬುವುದರ ಅಪಾಯವು ಇದರಿಂದ ತಿಳಿಯುತ್ತದೆ.

ಇನ್ನು ಮುಖ್ಯವಾದ ಆಕ್ಷೇಪಣೆಗೆ ಬರೋಣ. ಮಹಾಪ್ರಬಂಧಗಳು ಪಂಡಿತರು ಪಂಡಿತರಿಗಾಗಿ ಬರೆಯುವಂಥವು. ಗೃಹಸ್ಥರು ಅವನ್ನು ಹುಡುಕಿ ಮಾಡುವುದೇನು ಎಂದು ಕೇಳುವವರುಂಟು. ಈ ಪ್ರಶ್ನೆಗೆ ಮುಳುಗಡೆಯ ನಾಡಿನವರು ಉತ್ತರ ಕೊಡಬೇಕು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದುವು. ಎದ್ದು ಹೋದವರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳವರೆಗೆ ಬಗೆಹರಿಯದೆ ಉಳಿಯಿತು. ಇಂಥ ನಾಡಿಗೆ ಬರುವ ಸಂಶೋಧಕನು ಮನೆಮನೆಗೆ ಹೋಗಿ ಪ್ರಶ್ನೆ ಕೇಳುತ್ತಾನೆ. ಹಿರಿಯರು ಕೆಲಸ ಬಿಟ್ಟು ಕುಳಿತು, ಬಿಟ್ಟುಬಂದ ಊರಿನ ಹೆಸರು, ಗದ್ದೆ, ದೇವಸ್ಥಾನ, ನೆರೆಹೊರೆ ಎಲ್ಲವನ್ನೂ ಹೇಳುತ್ತಾರೆ. ಹೇಳಿದವರು ಕಾಲವಾದ ಮೇಲೆ ಆ ಮಾತು ಉಳಿಯುವುದು ಪ್ರಬಂಧದ ಅಧ್ಯಾಯದಲ್ಲಿ ಮಾತ್ರ. ಅವರ ಮೊಮ್ಮಗಳು ಒಂದು ದಿನ 'ಮುಳುಗಡೆ' ಎಂದು ಕೇಳಿ, ಅಜ್ಜಿಯ ಊರಿನ ಹೆಸರನ್ನು ಕೊಟ್ಟು ಹುಡುಕಿದರೆ ಏನೂ ಬರುವುದಿಲ್ಲ. ಏಕೆಂದರೆ ವಿವರಪತ್ರದಲ್ಲಿ ಇರುವುದು ಸ್ಥಳಾಂತರ, ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಪದಗಳು. ಮಾತನ್ನು ಕೊಟ್ಟವರ ಮನೆಗೆ ಮಾತು ಮರಳಿ ಬಾರದಿದ್ದರೆ ಅದು ಸಾಲ ತೀರಿಸದ ವ್ಯವಹಾರ. ಪಂಡಿತನು ಪದವಿಯನ್ನು ಪಡೆದನು, ಊರು ಪಡೆದುದೇನು?

ಆದುದರಿಂದ ಒಂದು ಮಹಾಪ್ರಬಂಧದ ಗುಣವನ್ನು ಅಳೆಯುವಾಗ ಅದರ ವಿವರಪತ್ರವನ್ನೂ ಅಳೆಯಬೇಕೆಂಬುದು ಈ ಲೇಖನದ ವಾದ. ಪರೀಕ್ಷಕರು ಮೂರು ವಿಷಯಗಳನ್ನು ನೋಡಲಿ. ಶೀರ್ಷಿಕೆಯೂ ಸಾರಾಂಶವೂ ಯೂನಿಕೋಡಿನ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇವೆಯೆ? ಕ್ಷೇತ್ರಕಾರ್ಯ ನಡೆದ ಗ್ರಾಮಗಳ ಹೆಸರುಗಳು, ಹೇಳಿದವರ ಮರೆಯನ್ನು ಕಾಯಬೇಕಾದ ಸಂದರ್ಭಗಳನ್ನು ಬಿಟ್ಟು, ಸೂಚಕಪದಗಳಲ್ಲಿ ಬಂದಿವೆಯೆ? ಹಳೆಯ ಹೆಸರುಗಳೂ ರೂಪಾಂತರಗಳೂ ಜನರ ಬಳಕೆಯ ಮಾತುಗಳೂ ಅಲ್ಲಿವೆಯೆ? ಇವಿಲ್ಲದ ಪ್ರಬಂಧವನ್ನು ಅಪೂರ್ಣವೆಂದು ಹಿಂದಿರುಗಿಸಿದರೆ ಒಂದೆರಡು ವರ್ಷಗಳಲ್ಲಿ ಅಭ್ಯಾಸ ತಾನಾಗಿಯೇ ನೆಟ್ಟಗಾಗುವುದು.

ಹಿಂದಿನದನ್ನು ಸರಿಪಡಿಸುವ ಹೊಣೆ ನಮ್ಮ ಮೇಲೆಯೂ ಇದೆ. ಮೂರು ತಾಲ್ಲೂಕುಗಳನ್ನು ಕುರಿತ ಪ್ರಬಂಧಗಳದೊಂದು ಕನ್ನಡ ಪಟ್ಟಿಯನ್ನು ಜಿಲ್ಲೆಯ ಸಾಹಿತ್ಯಾಸಕ್ತರೇ ಸಿದ್ಧಪಡಿಸಬಹುದು. ಭಂಡಾರವು ಒಂದೊಂದು ಪ್ರಬಂಧಕ್ಕೂ ಕೊಟ್ಟಿರುವ ಸ್ಥಿರಸಂಖ್ಯೆ, ವಸ್ತುವನ್ನು ತಿಳಿಸುವ ನಾಲ್ಕು ವಾಕ್ಯ, ಅದರಲ್ಲಿ ಬರುವ ಊರುಗಳ ಹೆಸರು, ಕೆಲಸ ಗಟ್ಟಿಯೋ ಪೊಳ್ಳೋ ಎಂಬ ಒಂದು ನೇರ ಅಭಿಪ್ರಾಯ, ಇಷ್ಟಿದ್ದರೆ ಸಾಕು. ಈ ಊರುಗಳ ಹಳೆಯ ಹೆಸರುಗಳೂ ಅಡ್ಡಹೆಸರುಗಳೂ ಗಾಂಧಿನಗರದ ಯಂತ್ರಕ್ಕೆ ತಿಳಿಯವು. ತೀರ್ಥಹಳ್ಳಿಯ ಒಬ್ಬ ನಿವೃತ್ತ ಉಪಾಧ್ಯಾಯರಿಗೆ, ಹೊಸನಗರದ ಒಬ್ಬ ಶಾನುಭೋಗರ ಮೊಮ್ಮಗನಿಗೆ, ಸಾಗರದ ಕಾಲೇಜಿನ ಒಬ್ಬ ವಿದ್ಯಾರ್ಥಿನಿಗೆ ತಿಳಿದಿವೆ. ತಿಂಗಳಿಗೆ ಹತ್ತು ಪ್ರಬಂಧಗಳಂತೆ ನೋಡುತ್ತ ಬಂದರೂ ಕೆಲವು ವರ್ಷಗಳಲ್ಲಿ ಪಟ್ಟಿ ಬಳಕೆಗೆ ಬರುವಷ್ಟು ಬೆಳೆದೀತು. ಶೋಧಗಂಗೆಯನ್ನು ಇಳಿಸಿ ತಂದವರು ತಮ್ಮ ಕೆಲಸವನ್ನು ಮಾಡಿದ್ದಾರೆ. ಅದರ ನೀರು ನಮ್ಮ ಗದ್ದೆಗಳಿಗೆ ಹರಿಯಬೇಕಾದರೆ ಕಾಲುವೆ ತೋಡಬೇಕಾದವರು ಈ ಊರುಗಳ ಹೆಸರು ಬಲ್ಲವರು.